ಹತ್ತನೆಯವನ ಕತೆ ಮತ್ತು ಮೈದಾನದ ಮೌನ

ನಿಜಗುಣ ಶಿವಯೋಗಿಗಳು ಇದ್ದದ್ದು ಕೊಳ್ಳೇಗಾಲ–ಯಳಂದೂರು ಸೀಮೆಯ ಶಂಭುಲಿಂಗನ ಬೆಟ್ಟದಲ್ಲಿ ಎಂಬುದು ಪ್ರತೀತಿ. ಆದರೆ ಅವರ ಶಾಸ್ತ್ರ ಹೊಲಗೆಲಸ ಮುಗಿಸಿ ಬಂದವರ ಕಿವಿಗೆ ಬಿದ್ದದ್ದು ಹೆಚ್ಚಾಗಿ ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಕಡೆ. ನಮ್ಮ ಸಾಹಿತ್ಯ ವಿಮರ್ಶೆ ವಚನಕ್ಕೂ ಕೀರ್ತನೆಗೂ ಕೊಟ್ಟಷ್ಟು ಗಮನವನ್ನು ಅವರಿಗೆ ಕೊಡಲಿಲ್ಲ; ಮಠಗಳು ಅವರನ್ನು ಬಿಡಲಿಲ್ಲ. ವಿವೇಕಚಿಂತಾಮಣಿಯೆಂಬ ಗದ್ಯಕೋಶ, ತ್ರಿಪದಿಯ ಅನುಭವಸಾರ, ಹಾಡಿಕೊಳ್ಳಲೆಂದೇ ಇರುವ ಕೈವಲ್ಯಪದ್ಧತಿ ಸೇರಿ ಸಂಸ್ಕೃತ ಬಾರದವರಿಗೆ ವೇದಾಂತದ ಪಾಠಶಾಲೆಯನ್ನೇ ಕಟ್ಟಿಕೊಟ್ಟವು.

ಈ ಪಾಠಶಾಲೆಗೆ ದೊಡ್ಡ ಅಂಗಳ ಒದಗಿಸಿದವರು ಸಿದ್ಧಾರೂಢರು (1836–1929). ಬೀದರ ಸೀಮೆಯ ಚಳಕಾಪುರದಲ್ಲಿ ಹುಟ್ಟಿ, ಊರೂರು ಅಲೆದು, ಹುಬ್ಬಳ್ಳಿಯಲ್ಲಿ ನೆಲೆ ನಿಂತ ಅವರು ಶಾಸ್ತ್ರ ಕೇಳಲು ಬಂದವರ ಜಾತಿ ಕೇಳಲಿಲ್ಲ. ಅದನ್ನು ಔದಾರ್ಯವೆಂದು ಹೊಗಳಿ ಮುಂದೆ ಹೋಗುವುದು ವಾಡಿಕೆ. ನನಗೆ ಅಷ್ಟೇ ದೊಡ್ಡದಾಗಿ ಕಾಣುವುದು ಈ ಪರಂಪರೆಯ ಪಾಠಕ್ರಮ. ಮೊದಲು ಪದವನ್ನು ಹಾರ್ಮೋನಿಯಂ, ತಬಲಾದ ಜೊತೆ ಹಾಡುತ್ತಾರೆ. ಆಮೇಲೆ ಬಿಡಿಸಿ ಅನ್ವಯ ಹೇಳಿ ತಾತ್ಪರ್ಯಕ್ಕೆ ಬರುತ್ತಾರೆ, ನಡುನಡುವೆ ದೃಷ್ಟಾಂತ. ಅಕ್ಷರ ಬಾರದವನಿಗೂ ಪಲ್ಲವಿ ಬಾಯಿಪಾಠ. ಮರುದಿನ ಎತ್ತು ಹೂಡುವಾಗ ಅದೇ ಪಲ್ಲವಿ ನಾಲಗೆಗೆ ಬಂತೆಂದರೆ ಮನನ ಶುರುವಾಯಿತೆಂದೇ ಲೆಕ್ಕ.

ದೃಷ್ಟಾಂತಗಳ ಪೈಕಿ ಹತ್ತನೆಯವನ ಕತೆ ಎಲ್ಲರಿಗೂ ಗೊತ್ತು. ಹತ್ತು ಮಂದಿ ಹೊಳೆ ದಾಟಿದರು. ಎಣಿಸಿದವರೆಲ್ಲ ತಮ್ಮನ್ನು ಬಿಟ್ಟು ಎಣಿಸಿದರು, ಒಂಬತ್ತೇ ಬಂತು, ಒಬ್ಬ ಹೊಳೆಪಾಲಾದನೆಂದು ಅಳತೊಡಗಿದರು. ದಾರಿಹೋಕನೊಬ್ಬ ಬಂದು, ಹತ್ತನೆಯವ ನೀನೇ ಅಲ್ಲೇನೋ ಅಂದ. ಸಭೆ ನಗುತ್ತದೆ, ಸ್ವಾಮಿಗಳೂ ನಗುತ್ತಾರೆ, ಇವತ್ತಿನ ಬಹುಪಾಲು ಪ್ರವಚನಗಳಲ್ಲಿ ಕತೆ ಅಲ್ಲಿಗೆ ಮುಗಿಯುತ್ತದೆ. ವಿದ್ಯಾರಣ್ಯರ ಪಂಚದಶಿಯಲ್ಲಿ, ತೃಪ್ತಿದೀಪ ಪ್ರಕರಣದಲ್ಲಿ, ವಿಚಾರ ಶುರುವಾಗುವುದೇ ಅಲ್ಲಿಂದ. ಹತ್ತನೆಯವನು ಯಾರೆಂದು ತಿಳಿಯದಿರುವುದು ಅಜ್ಞಾನ. ಅವನಿಲ್ಲ, ಕಾಣುತ್ತಿಲ್ಲ ಎನ್ನುವುದು ಆವರಣ. ಎದೆ ಬಡಿದುಕೊಂಡು ಅಳುವುದು ವಿಕ್ಷೇಪ. ಅವನು ಇದ್ದಾನೆಂಬ ಮಾತನ್ನು ನಂಬುವುದು ಪರೋಕ್ಷ ಜ್ಞಾನ, ಅವನು ನಾನೇ ಎಂದು ಹೊಳೆಯುವುದು ಅಪರೋಕ್ಷ. ಕೊನೆಗೆ ಶೋಕನಾಶ, ತೃಪ್ತಿ. ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವಿನ ದೂರ ಎಷ್ಟು, ಅದನ್ನು ದಾಟುವುದು ಹೇಗೆ ಎಂಬುದೇ ಅದ್ವೈತದ ತಲೆನೋವು. ನಗೆ ಆ ದೂರವನ್ನು ಮುಚ್ಚಿಹಾಕುತ್ತದೆ. ಕೇಳಿದವನು, ಇದ್ದಾನಂತೆ ಎಂಬ ನಂಬಿಕೆಯನ್ನೇ ಅನುಭವವೆಂದುಕೊಂಡು ಮನೆಗೆ ಹೋಗುತ್ತಾನೆ.

ನಾಮಸ್ಮರಣೆಯ ಗತಿಯೂ ಹೀಗೇ ಆಗಿದೆ. ‘ಓಂ ನಮಃ ಶಿವಾಯ’ ಸಿದ್ಧಾರೂಢರ ಅಂಗಳದ ಉಸಿರು. ಜಪ ಚಿತ್ತವನ್ನು ಶುದ್ಧಿ ಮಾಡುತ್ತದೆ, ಜ್ಞಾನ ವಿಚಾರದಿಂದಲೇ ಬರಬೇಕು ಎಂಬುದು ಅದ್ವೈತದ ಕಟ್ಟುನಿಟ್ಟಾದ ಮಾತು. ದುಡಿದು ದಣಿದವನಿಗೆ ನಾಲ್ಕು ಮಂದಿಯ ಕೂಡುದನಿ ಕೊಡುವ ನೆಮ್ಮದಿಯನ್ನು ಯಾವ ವ್ಯಾಖ್ಯಾನವೂ ಕೊಡಲಾರದು, ಅದನ್ನು ಹಗುರಾಗಿ ಕಾಣುವವನು ನಾನಲ್ಲ. ಆದರೆ ಸಪ್ತಾಹದ ಬ್ಯಾನರಿನ ಮೇಲೆ ಜಪವನ್ನು ಕೋಟಿಗಳಲ್ಲಿ ಬರೆಯುವಾಗ ವಿಚಾರಕ್ಕೆ ಜಾಗವೆಲ್ಲಿ?

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಈ ಗದ್ದಲದಿಂದ ದೂರ ನಿಂತವರು. ಗುರು ಮಲ್ಲಿಕಾರ್ಜುನ ಸ್ವಾಮಿಗಳ ಸಿದ್ಧಾಂತಶಿಖಾಮಣಿ ಪ್ರವಚನಗಳನ್ನು ಗ್ರಂಥವಾಗಿಸಿದವರು ಅವರು. ಜೇಬಿಲ್ಲದ ಅಂಗಿ, ತಿಂಗಳುಗಟ್ಟಲೆ ಬೆಳಗಿನ ಪ್ರವಚನ, 2018ರಲ್ಲಿ ಬೇಡವೆಂದ ಪದ್ಮಶ್ರೀ, ತಮಗೆ ಸ್ಮಾರಕ ಕಟ್ಟಬಾರದೆಂದು ಬರೆದಿಟ್ಟ ಪತ್ರ: 2023ರ ಜನವರಿ 2ರಂದು ಅವರು ತೀರಿಕೊಂಡಾಗ ಜನ ನೆನೆದದ್ದು ಇವನ್ನೇ. ನಾನು ನೆನೆಯುವುದು ಅವರ ಕನ್ನಡವನ್ನು. ಪಾತಂಜಲ ಯೋಗಸೂತ್ರವನ್ನೂ ಅಲ್ಲಮನನ್ನೂ ಅಷ್ಟು ಚಿಕ್ಕ ವಾಕ್ಯಗಳಲ್ಲಿ, ಅಷ್ಟು ನಿಧಾನವಾಗಿ ಹೇಳಿದವರು ನಮ್ಮ ಕಾಲದಲ್ಲಿ ಇನ್ನೊಬ್ಬರಿಲ್ಲ. ತೊಡಕು ಇರುವುದೂ ಅಲ್ಲೇ. ಸಾವಿರಾರು ಜನ ಸದ್ದಿಲ್ಲದೆ ಕೂತ ಮೈದಾನದಲ್ಲಿ ಎದ್ದು ನಿಂತು, ಇದು ನನಗೆ ತಿಳಿಯಲಿಲ್ಲ ಬುದ್ಧೀ ಎನ್ನುವವರು ಯಾರು? ಶಾಸ್ತ್ರ ಎಷ್ಟು ತಿಳಿಯಾಯಿತೆಂದರೆ ಅದರಲ್ಲಿ ಬಿಡಿಸಬೇಕಾದ ಗಂಟುಗಳಿವೆ ಎಂಬುದೇ ಕೇಳುಗನಿಗೆ ಮರೆತುಹೋಯಿತು. ಅವರ ಹಾದಿ ಹಿಡಿದ ಹಲವರು ಅವರ ನಿಧಾನವನ್ನು ಕಲಿತರು, ಓದನ್ನಲ್ಲ.

ವೇದಾಂತ ಪರಿಷತ್ತುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ವಿಷಯವೆಂದು ನಿಜಗುಣರ ಒಂದು ಸಾಲು, ವೇದಿಕೆ ತುಂಬ ಸ್ವಾಮಿಗಳು, ಒಬ್ಬೊಬ್ಬರಿಗೂ ಸ್ವಲ್ಪ ಹೊತ್ತು, ಉಳಿದದ್ದೆಲ್ಲ ಶಾಲು, ಹಾರ. ಅದಕ್ಕಿಂತ ಅಮಾವಾಸ್ಯೆಯ ರಾತ್ರಿ ಗುಡಿಯಲ್ಲಿ ಕೈವಲ್ಯಪದ್ಧತಿ ಹಾಡುವ ಭಜನಾಮೇಳದವರೇ ವಾಸಿ. ಒಂದು ಪದಕ್ಕೆ ತಡೆದು ಇದರರ್ಥ ಏನಪ್ಪಾ ಎಂದು ಪಕ್ಕದವನನ್ನು ಕೇಳುವ ಸಲಿಗೆ ಅಲ್ಲಿ ಇನ್ನೂ ಇದೆ. ಆ ಸಲಿಗೆ ಬಹುಮಟ್ಟಿಗೆ ಗಂಡಸರದು. ಪರಿಷತ್ತಿನ ವೇದಿಕೆಯ ಮೇಲೂ ಮಾತೆಯರು ಬೆರಳೆಣಿಕೆಯಷ್ಟೇ. ಶಾಸ್ತ್ರದ ಹೊತ್ತಿಗೆ ದಾಸೋಹದ ಒಲೆ ಮುಂದೆ ರೊಟ್ಟಿ ಬಡಿಯುತ್ತಿರುವವರು ಯಾರೆಂದು ಜಾತಿ ಕೇಳದ ಆ ಅಂಗಳ ತನ್ನನ್ನು ತಾನು ಇನ್ನೂ ಕೇಳಿಕೊಂಡಿಲ್ಲ.