ಗೆದ್ದವನು ಮನುಷ್ಯನಾದ ಕತೆ

ವೈಜ್ಞಾನಿಕ ಕಾದಂಬರಿಯೆಂದರೆ ರಾಕೆಟ್ಟು, ರೋಬೋಟುಗಳ ಕತೆ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಅಮೆರಿಕದ ಫ್ರಾಂಕ್ ಹರ್ಬರ್ಟ್ 1965ರಲ್ಲಿ ಪ್ರಕಟಿಸಿದ ‘ಡ್ಯೂನ್’ ಮತ್ತು ಅದರ ನಂತರದ ಎರಡು ಕಾದಂಬರಿಗಳನ್ನು ಓದಿದವರು ಹಾಗೆ ಹೇಳಲಾರರು. ಗೆದ್ದ ಮೇಲೆ ಮನುಷ್ಯ ಏನಾಗುತ್ತಾನೆ ಎಂಬುದೇ ಇಲ್ಲಿನ ಪ್ರಶ್ನೆ.

ಕತೆ ಆರಂಭವಾಗುವಾಗ ಪೌಲ್ ಅಟ್ರೈಡೀಸ್‌ಗೆ 15 ವರ್ಷ. ಶತ್ರುಗಳ ಸಂಚಿಗೆ ತಂದೆ ಬಲಿಯಾದಾಗ ತಾಯಿಯೊಂದಿಗೆ ಅರಾಕಿಸ್ ಗ್ರಹದ ಮರಳುಗಾಡು ಸೇರುತ್ತಾನೆ. ಅಲ್ಲಿನ ಫ್ರೆಮೆನ್ ಜನರು ಒಬ್ಬ ‘ಮಹ್ದಿ’ಗಾಗಿ ಕಾಯುತ್ತಿದ್ದಾರೆ. ಆ ನಿರೀಕ್ಷೆಯನ್ನು ಹಿಂದೆಯೇ ಅವರಲ್ಲಿ ಬಿತ್ತಿದವರು ಆತನ ತಾಯಿ ಸೇರಿದ್ದ ಪಂಥದವರು. ಪೌಲ್‌ಗೆ ಇದು ಗೊತ್ತು. ಗೊತ್ತಿದ್ದೂ ಆ ಪಟ್ಟವನ್ನೇರುತ್ತಾನೆ.

ದ್ವಂದ್ವದಲ್ಲಿ ಜೇಮಿಸ್‌ನನ್ನು ಕೊಂದ ಬಳಿಕ ಅವನು ಅತ್ತಿದ್ದ. ಹನಿ ನೀರಿಗೂ ಲೆಕ್ಕವಿಡುವ ಜನ, ಸತ್ತವನಿಗಾಗಿ ನೀರು ಕೊಟ್ಟನಲ್ಲ ಎಂದು ಬೆರಗಾದರು. ಕಾದಂಬರಿಯ ಕೊನೆಯಲ್ಲಿ ಗೆಳೆಯ ಸ್ಟಿಲ್ಗರ್ ಭಕ್ತನಾಗಿಬಿಟ್ಟದ್ದನ್ನು ಕಂಡು ಪೌಲ್ ಮರುಗುತ್ತಾನೆ, ಆದರೆ ನಿಲ್ಲುವುದಿಲ್ಲ. ಇದನ್ನು ಬರೀ ವೀರಗಾಥೆಯೆಂದು ಓದಿ ಮುಚ್ಚಿಟ್ಟರೆ ಅರ್ಧ ಕತೆಯನ್ನಷ್ಟೇ ಓದಿದಂತೆ.

1969ರ ‘ಡ್ಯೂನ್ ಮೆಸ್ಸಯ್ಯ’ ನಡೆಯುವುದು 12 ವರ್ಷಗಳ ಬಳಿಕ. ಅಷ್ಟರಲ್ಲಿ ಅವನ ಹೆಸರಿನ ಯುದ್ಧದಲ್ಲಿ 6,100 ಕೋಟಿ ಜನ ಸತ್ತಿದ್ದಾರೆ. ಚೆಂಗೀಸ್ ಖಾನ್, ಹಿಟ್ಲರರ ಲೆಕ್ಕಕ್ಕೆ ತನ್ನ ಲೆಕ್ಕವನ್ನು ಅವನೇ ಹೋಲಿಸುತ್ತಾನೆ. ಕಣ್ಣು ಹೋಗುತ್ತದೆ, ಸಂಗಾತಿ ಚಾನಿ ಹೆರಿಗೆಯಲ್ಲಿ ಸಾಯುತ್ತಾಳೆ. ಕುರುಡರನ್ನು ಮರಳುಗಾಡಿಗೆ ಬಿಡುವ ಫ್ರೆಮೆನ್ ಕಟ್ಟಳೆಗೆ ತಲೆಬಾಗಿ ಒಬ್ಬನೇ ನಡೆದು ಹೋಗುತ್ತಾನೆ. ದೇವರಾಗಿ ಮಾಡಲ್ಪಟ್ಟವನು ಎಲ್ಲರಂತೆ ಒಬ್ಬ ಮನುಷ್ಯನಾಗುವುದು ಇಲ್ಲಿ. 1976ರ ‘ಚಿಲ್ಡ್ರನ್ ಆಫ್ ಡ್ಯೂನ್’ನಲ್ಲಿ ಕುರುಡ ಬೋಧಕನಾಗಿ ಮರಳಿ, ತನ್ನ ಹೆಸರಿನಲ್ಲೇ ಕಟ್ಟಿದ ಮತವನ್ನು ಖಂಡಿಸುತ್ತಾ ಪುರೋಹಿತರ ಕೈಯಲ್ಲಿ ಸಾಯುತ್ತಾನೆ.

ಹರ್ಬರ್ಟ್ ಮೇಲೆ ಎರಡು ತಕರಾರುಗಳಿವೆ. ಬೆಳೆಯುವ ಅವಕಾಶ ಸಿಕ್ಕಿದ್ದು ಹೊರಗಿನಿಂದ ಬಂದ ರಾಜಕುಮಾರನಿಗೆ; ಮರಳುಗಾಡಿನ ಜನ ಹೆಚ್ಚಾಗಿ ಹಿಂಬಾಲಕರಾಗಿಯೇ ಉಳಿಯುತ್ತಾರೆ. ಇನ್ನೊಂದು, ‘ಜಿಹಾದ್’ ಎಂಬ ಪದ. ಅವರ ಪುಟಗಳಲ್ಲಿ ಅದಕ್ಕೆ ತಡೆಯಿಲ್ಲದ ರಕ್ತಪಾತವೆಂಬ ಒಂದೇ ಅರ್ಥ. 2024ರ ಚಲನಚಿತ್ರ ‘ಪವಿತ್ರ ಯುದ್ಧ’ವೆಂದು ಹೇಳಿ ಆ ಪದದಿಂದ ಜಾರಿಕೊಂಡಿತು, ಅರ್ಥವನ್ನು ತಿದ್ದಲಿಲ್ಲ. ತನ್ನೊಳಗಿನ ಅಹಂಕಾರದೊಡನೆ ನಡೆಸುವ ಹೋರಾಟಕ್ಕೂ ಆ ಪದ ಸಲ್ಲುತ್ತದೆ. ವಿಚಿತ್ರವೆಂದರೆ, ಪೌಲ್ ತನ್ನ ಕೊನೆಯ ವರ್ಷಗಳಲ್ಲಿ ನಡೆಸಿದ್ದು ಅದನ್ನೇ. ಲೇಖಕರು ಅದಕ್ಕೆ ಆ ಹೆಸರು ಕೊಡಲಿಲ್ಲ, ಅಷ್ಟೆ.