ಉಗುರಿನ ಬೆನ್ನ ಮೇಲಿನ ಉಬ್ಬು

ಉದ್ದುದ್ದ ಜೆಲ್ ಉಗುರು ಕಂಡರೆ ಎಲ್ಲರ ಕಣ್ಣು ಬಣ್ಣದ ಮೇಲೆ, ಮಿಂಚಿನ ಮೇಲೆ. ನಾನು ಮಾತ್ರ ಪಕ್ಕದಿಂದ ನೋಡುತ್ತೇನೆ. ಒಳ್ಳೆಯ ಉಗುರು ಚಪ್ಪಟೆಯಾಗಿರುವುದಿಲ್ಲ. ಬುಡದಲ್ಲಿ ತೆಳ್ಳಗೆ ಶುರುವಾಗಿ, ನಡುವೆ ತುಸು ಉಬ್ಬಿ, ತುದಿಗೆ ಇಳಿಯುತ್ತದೆ. ಆ ಉಬ್ಬೇ ಅದರ ಬಲ. ಅದಿಲ್ಲದಿದ್ದರೆ ಡಬ್ಬಿಯ ಮುಚ್ಚಳ ತೆಗೆಯುವಾಗಲೇ ಲಟಕ್ಕೆಂದೀತು.

ಮನೆಯಲ್ಲೇ ಕಲಿಯುವವರಿಗೆ ಕಷ್ಟವೂ ಸೊಗಸೂ ಇದರಲ್ಲೇ. ಉಗುರಿನ ಹೊಳಪನ್ನು ಫೈಲಿನಿಂದ ನವಿರಾಗಿ ತೆಗೆದು, ತುದಿಯಡಿ ಅಚ್ಚಿನಂಥ ಕಾಗದದ ಫಾರ್ಮ್ ಸಿಕ್ಕಿಸಿ, ಮೊದಲು ಜೆಲ್ಲಿನ ತೆಳು ಪದರ ಹಚ್ಚಿ ಲ್ಯಾಂಪಿಗೆ ಹಿಡಿಯಬೇಕು. ಅದರ ಮೇಲೆ ಉಬ್ಬು ಕಟ್ಟುವ ಬಿಲ್ಡರ್ ಜೆಲ್ಲಿನ ದಪ್ಪ ಹನಿ. ಬ್ರಷ್ ಒತ್ತಕೂಡದು, ಹನಿಯನ್ನು ತೇಲಿಸಿಕೊಂಡು ಎಳೆಯಬೇಕು. ಆಮೇಲೆ ಬೆರಳನ್ನು ಬೋರಲು ಮಾಡಿ ಕೆಲ ಕ್ಷಣ ಹಿಡಿದರೆ ಜೆಲ್ ತಾನಾಗಿ ನಡುವಿಗೆ ಸರಿದು ಉಬ್ಬುತ್ತದೆ; ಆಗ ಮತ್ತೆ ಲ್ಯಾಂಪಿಗೆ. ಅರ್ಧ ಕೆಲಸ ಗುರುತ್ವಾಕರ್ಷಣೆಯದೇ! (ಎಡಗೈಯಲ್ಲಿ ಬಲಗೈಗೆ ಹಚ್ಚುವ ಫಜೀತಿ ಬೇರೆ.)

ಲ್ಯಾಂಪಿನೊಳಗೆ ಜೆಲ್ ಒಣಗುವುದಿಲ್ಲ, ಗಟ್ಟಿಯಾಗುತ್ತದೆ. ಅತಿನೇರಳೆಯ ಆಸುಪಾಸಿನ ಬೆಳಕು ತಗುಲಿದೊಡನೆ ಚಿಕ್ಕ ಅಣುಗಳು ಒಂದಕ್ಕೊಂದು ಬೆಸೆದು ಸರಪಳಿಯಾಗುತ್ತವೆ. ಆಗ ಹೊಮ್ಮುವ ಶಾಖ ಉಗುರಿಗೆ ಚುರುಕ್ಕೆನ್ನುತ್ತದೆ. ಪದರ ದಪ್ಪವಾದಷ್ಟೂ ಉರಿ ಜಾಸ್ತಿ.

ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗಬಾರದು, ಇಲ್ಲಿ ಮಾತ್ರ ಸಡಿಲ ಬೇಡ. ಅದರ ಅಕ್ರಿಲೇಟ್‌ಗಳ ಅಲರ್ಜಿ ಅಂಟಿಕೊಂಡರೆ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ಹಲ್ಲು ತುಂಬಿಸುವ ವಸ್ತುವಿನಲ್ಲೂ ಅದೇ ಕುಲದ ರಾಸಾಯನಿಕಗಳಿರುವುದರಿಂದ ದಂತವೈದ್ಯರ ಹತ್ತಿರವೂ ತೊಂದರೆಯಾದೀತು. ಜೆಲ್ ಗಟ್ಟಿಯಾಗಲು ಬೆರೆಸುವ ಟಿಪಿಒ ಎಂಬ ವಸ್ತುವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್‌ನಿಂದ ಪ್ರಸಾಧನಗಳಲ್ಲಿ ನಿಷೇಧಿಸಿದೆ. ಕೊಳ್ಳುವಾಗ ಅದಿದೆಯೇ ಎಂದು ಡಬ್ಬಿ ತಿರುಗಿಸಿ ಓದಿ. ಬುಡದ ಚರ್ಮದಿಂದ ಕೂದಲೆಳೆಯಷ್ಟು ಜಾಗ ಬಿಟ್ಟು ಹಚ್ಚಿ, ಚರ್ಮಕ್ಕೆ ಹರಿದದ್ದನ್ನು ಲ್ಯಾಂಪಿಗೆ ಹಿಡಿಯುವ ಮೊದಲೇ ಒರೆಸಿ.