ಯಜಮಾನ, ಆಳು ಮತ್ತು ಒಂದು ಜಂಪರ್

ದಲಿತ ವಿಮರ್ಶೆ ಅಂದರೆ ಕತೆ, ಕಾವ್ಯ, ಕಾದಂಬರಿಗಳಲ್ಲಿ ದಲಿತ ಹೇಗೆ ಬಂದಿದ್ದಾನೆ ಎಂದು ಹುಡುಕುವುದು ಅಂತಲೇ ನಾವು ಬಹುಕಾಲ ನಂಬಿಕೊಂಡು ಬಂದಿದ್ದೇವೆ. ಯಂತ್ರದ ಕೈಪಿಡಿಯನ್ನು ಪಠ್ಯವೆಂದು ಓದಿದವರು ಕಡಿಮೆ. ನಾನಿಲ್ಲಿ ಓದಲು ಹೊರಟಿರುವುದು ಎರಡೇ ಪದ: ಮಾಸ್ಟರ್, ಸ್ಲೇವ್. ಹಳೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕಿನ ಬೆನ್ನ ಮೇಲೆ ಅಚ್ಚಾಗಿದ್ದ ಪದಗಳು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯ ಪೇಟೆಬೀದಿಗಳಲ್ಲಿ ಕಂಪ್ಯೂಟರ್ ಸೆಂಟರುಗಳು ಎದ್ದಾಗ ನಮ್ಮ ಕೇರಿಗಳ ಹುಡುಗರೂ ಹೋದರು. ನಾನೂ ಹೋದೆ. ಮೇಷ್ಟ್ರು ಡಬ್ಬ ಬಿಚ್ಚಿ, "ಇದು ಯಜಮಾನ, ಇದು ಆಳು ಕಣ್ರಯ್ಯ. ಯಜಮಾನ ಹೇಳ್ದಂಗೆ ಆಳು ಕೇಳ್ತದೆ" ಅಂದರು. ಕ್ಲಾಸು ನಕ್ಕಿತು. ನಗದವರೂ ಇದ್ದರು. ಹೊಗೆಸೊಪ್ಪಿನ ಬ್ಯಾರನ್ ಮುಂದೆ ರಾತ್ರಿಯೆಲ್ಲ ಬೆಂಕಿ ಕಾಯುವವನ ಮಗನಿಗೆ ಆಳು ಅನ್ನುವುದು ರೂಪಕವಲ್ಲ. (ಹೆಗೆಲ್‌ನ ಯಜಮಾನ-ಗುಲಾಮ ದ್ವಂದ್ವದ ಬಗ್ಗೆ ಪುಟಗಟ್ಟಲೆ ಬರೆದ ನಮ್ಮ ವಿಮರ್ಶಕರು ಈ ಡಬ್ಬ ಬಿಚ್ಚಿ ನೋಡಿದ್ದರೆ ಚೆನ್ನಾಗಿತ್ತು.)

ಯಂತ್ರ ಏನು ಹೇಳುತ್ತದೆ? ಒಂದು ಐಡಿಇ ಕೇಬಲ್ಲಿಗೆ ಎರಡು ಡ್ರೈವ್. ಎರಡೂ ಒಂದೇ ತಂತಿಪಟ್ಟಿಯಲ್ಲಿ ಇರುವುದರಿಂದ ಯಾವುದು ಯಾವುದೆಂದು ಗುರುತು ಬೇಕು. ಡ್ರೈವಿನ ಹಿಂಬದಿಯ ಪಿನ್ನುಗಳಿಗೆ ತೊಡಿಸುವ, ಕಾಳಿನಷ್ಟು ಸಣ್ಣ ಟೋಪಿಯೇ ಜಂಪರ್. ಎಲ್ಲಿ ತೊಡಿಸಬೇಕೆಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಡ್ರೈವಿನ ಚೀಟಿ ನೋಡಬೇಕು. ಎರಡನ್ನೂ ಮಾಸ್ಟರ್ ಮಾಡಿಬಿಟ್ಟರೆ ಬಯಾಸ್‌ಗೆ ಒಂದೂ ಸರಿಯಾಗಿ ಕಾಣದೆ ಹೋಗಬಹುದು. ಕೇಬಲ್ ಸೆಲೆಕ್ಟ್‌ಗೆ ಹಾಕಿದರೆ ಕೇಬಲ್ಲೇ ತೀರ್ಮಾನ ಮಾಡುತ್ತದೆ: 80 ತಂತಿಯ ಪಟ್ಟಿಯಲ್ಲಿ ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿಗೆ ಕೂತದ್ದು ಮಾಸ್ಟರ್, ನಡುವಿನ ಬೂದು ಬಣ್ಣದ್ದಕ್ಕೆ ಕೂತದ್ದು ಸ್ಲೇವ್. ಕೂತ ಜಾಗದಿಂದ ಹೆಸರು. ಇಷ್ಟರಮಟ್ಟಿಗೆ ನಮ್ಮ ಊರು-ಕೇರಿಯ ನಕ್ಷೆ ನೆನಪಾಗುವುದು ಸಹಜ.

ಆದರೆ ಮೇಷ್ಟ್ರ ಮಾತು ಸುಳ್ಳು. ಮಾಸ್ಟರ್ ಸ್ಲೇವಿಗೆ ಆಜ್ಞೆ ಕೊಡುವುದೇ ಇಲ್ಲ. ಪ್ರತಿ ಡ್ರೈವಿಗೂ ತನ್ನದೇ ಕಂಟ್ರೋಲರ್ ಉಂಟು. ಆಜ್ಞೆ ಬರುವುದು ಕಂಪ್ಯೂಟರಿನಿಂದ, ಎರಡಕ್ಕೂ. ಯಂತ್ರ ಶುರುವಾಗುವಾಗ ತಾನು ಸರಿಯಿದ್ದೇನೆಂದು ಎರಡನೆಯದು ಮೊದಲನೆಯದಕ್ಕೆ ಸನ್ನೆ ಮಾಡುತ್ತದೆ, ಅಷ್ಟೆ. ಜಂಪರ್ ಕಿತ್ತು ಬೇರೆ ಪಿನ್ನಿಗೆ ಹಾಕಿದರೆ ಆಳೇ ಯಜಮಾನ. ಯಾವ ಕೇರಿಯಲ್ಲಿ ಅಂಥ ಜಂಪರ್ ಇದೆ?

ಇಲ್ಲದ ಯಜಮಾನಿಕೆಯನ್ನು ಯಂತ್ರದ ಮೇಲೆ ಹೇರಿದ್ದು ಯಾಕೆ? ತಾಂತ್ರಿಕ ಬರಹದಲ್ಲಿ ಈ ಜೋಡಿಯ ಹಳೆಯ ಬಳಕೆಗಳಲ್ಲೊಂದನ್ನು ರಾನ್ ಎಗ್ಲಾಶ್ 2007ರಲ್ಲಿ ಗುರುತಿಸಿದರು: 1904ರಲ್ಲಿ ಡೇವಿಡ್ ಗಿಲ್ ವರ್ಣಿಸಿದ ಕೇಪ್‌ಟೌನ್ ವೀಕ್ಷಣಾಲಯದ ಗಡಿಯಾರ. ಆ ನೆಲದಲ್ಲಿ ಗುಲಾಮಗಿರಿಯನ್ನು ಕಾನೂನು 1834ರಲ್ಲೇ ತೆಗೆದಿತ್ತು. ಮನುಷ್ಯ ಕೈತಪ್ಪಿದ 70 ವರ್ಷಕ್ಕೆ ಗಡಿಯಾರ ಗುಲಾಮನಾಯಿತು. ಹೇಳಿದ್ದನ್ನು ಕೇಳುವ ಒಂದು ಜೀವ ಎಲ್ಲಾದರೂ ಇರಲಿ ಎಂಬ ಚಪಲ ಇದರ ಹಿಂದಿದೆ ಅಂತ ನನ್ನ ಗುಮಾನಿ.

ನಮ್ಮ ಪದಕ್ಕೂ ಇಂಥದೇ ಚರಿತ್ರೆ. ಹಿಂದೆ ಜೀತ ಅಂದರೆ ಸಂಬಳ. ತೆಲುಗಿನಲ್ಲಿ ಇವತ್ತಿಗೂ ಹಾಗೇ. ನಮ್ಮಲ್ಲಿ ಅದು ಸಾಲಕ್ಕೆ ಮೈ ಒತ್ತೆಯಿಟ್ಟ ದುಡಿಮೆಯ ಹೆಸರಾಯಿತು. 1975ರ ಸುಗ್ರೀವಾಜ್ಞೆ, 1976ರ ಕಾಯಿದೆ ಜೀತವನ್ನು ನಿಷೇಧಿಸಿದಾಗ ಮುಖ್ಯಮಂತ್ರಿ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು. ಆಮೇಲೆ ಊರಬಾಯಲ್ಲಿ "ಜೀತಕ್ಕವ್ನೆ" ಅನ್ನೋದು "ಸಂಬಳಕ್ಕವ್ನೆ" ಆಯಿತು. ಮುಂಗಡದ ಲೆಕ್ಕ ಮಾತ್ರ ಗೌಡರ ಪುಸ್ತಕದಲ್ಲೇ ಉಳಿಯಿತು.

2003ರಲ್ಲಿ ಲಾಸ್ ಏಂಜಲೀಸ್ ಕೌಂಟಿ, ಮಾಸ್ಟರ್-ಸ್ಲೇವ್ ಪದ ಬಿಡಿ ಎಂದು ಸಾಮಾನು ಪೂರೈಸುವವರನ್ನು ಕೇಳಿದಾಗ ಬಹಳ ಜನ ನಕ್ಕರು. ಅದೇ ವರ್ಷ ಸಾಟಾ ಬಂತು: ಒಂದೊಂದು ಡ್ರೈವಿಗೆ ಒಂದೊಂದು ತಂತಿ. ಜೋಡಿಯೇ ಇಲ್ಲದ ಮೇಲೆ ಆ ಹೆಸರಿಗೂ ಕೆಲಸವಿಲ್ಲ. ಜೀತ ಬಿಟ್ಟು ಬಂದ ಕುಟುಂಬಕ್ಕೆ ಬೇಕಾದ್ದೂ ಇಂಥ ಬೇರೆ ತಂತಿಯೇ, ಅಂದರೆ ಸ್ವಂತ ಹೆಸರಿನ ಪಹಣಿ. ಬಿಡುಗಡೆ ಪತ್ರ ಒಂದನ್ನೇ ಕೈಗಿಟ್ಟರೆ ಅವನು ಮಳೆಗಾಲಕ್ಕೆ ಮತ್ತೆ ಅದೇ ಜಗಲಿಯ ಮುಂದೆ "ಬುದ್ಧಿ" ಅಂತ ನಿಲ್ಲಬೇಕಾಗುತ್ತದೆ.

ಹಾಗಂತ ಹೆಸರು ಬದಲಿಸುವುದು ಬೇಡವೆ? ಬೇಕು. ಎಟಿಎ ಮಾನಕದ ಅಧಿಕೃತ ಬರಹದಲ್ಲೇ ಇವು ಡಿವೈಸ್ 0, ಡಿವೈಸ್ 1. ಕನ್ನಡದಲ್ಲಿ ಪಾಠ ಬರೆಯುವವರು ಒಂದನೇದು, ಎರಡನೇದು ಅಂದರೂ ಡ್ರೈವ್ ಓಡುತ್ತದೆ.